ಹಾಯಿಯ ಮೇಲಿನ ಗಂಡಭೇರುಂಡ

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನಮ್ಮ ನೌಕಾಪಡೆ ಒಂದು ಹಾಯಿಹಡಗನ್ನು ತನ್ನೊಳಗೆ ಸೇರಿಸಿಕೊಂಡಿತು. ಅದಕ್ಕೆ ಎಂಜಿನ್ ಇಲ್ಲ. ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದಾರೆ. ಮಾದರಿಯಾಗಿ ಇಟ್ಟುಕೊಂಡದ್ದು ಅಜಂತಾ ಗುಹೆಯ ಗೋಡೆಯ ಮೇಲಿರುವ, ಐದನೆಯ ಶತಮಾನದ ಒಂದು ಹಡಗಿನ ಚಿತ್ರ. ಹೆಸರು ಐಎನ್‌ಎಸ್‌ವಿ ಕೌಂಡಿನ್ಯ. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಹಡಗು ಜನವರಿಯಲ್ಲಿ ಮಸ್ಕತ್ ಮುಟ್ಟಿತು.

ಪತ್ರಿಕೆಗಳು ಇದನ್ನು ಹೆಮ್ಮೆಯ ಸುದ್ದಿಯಾಗಿ ಬರೆದವು. ಹೆಮ್ಮೆಪಡಬೇಕಾದ್ದೇ. ಆದರೆ ಈ ಹೆಮ್ಮೆಯ ಕಥನವನ್ನು ಒಂದು ಕೃತಿಯಂತೆ ಓದಿದರೆ ಏನು ಕಾಣುತ್ತದೆ? ಹಾಯಿಯ ಮೇಲೆ ಸೂರ್ಯನೂ ಗಂಡಭೇರುಂಡವೂ ಇವೆ. ಮೂತಿಯಲ್ಲಿ ಸಿಂಹಯಾಳಿ. ಅಟ್ಟದ ಮೇಲೆ ಹರಪ್ಪಾ ಮಾದರಿಯ ಕಲ್ಲಿನ ಲಂಗರು. ಒಡಲು ಅಜಂತಾದ್ದು, ಹೆಸರು ಮೆಕಾಂಗ್ ನದಿಯ ದಂತಕಥೆಯದ್ದು. ಸಾವಿರಾರು ವರ್ಷಗಳ ಅಂತರದಲ್ಲಿ, ಬೇರೆ ಬೇರೆ ಜನ, ಬೇರೆ ಬೇರೆ ಕಾರಣಕ್ಕೆ ಮಾಡಿದ್ದೆಲ್ಲ ಇಲ್ಲಿ ಒಂದೇ ಸಾಲಿನಲ್ಲಿ ನಿಂತಿದೆ. ಅಲಂಕಾರ ಹೆಚ್ಚಾದ ಪದ್ಯದಲ್ಲಿ ಅರ್ಥ ಹಿಂದೆ ಸರಿಯುವಂತೆ, ಇಲ್ಲೂ ಲಾಂಛನಗಳ ಹಿಂದೆ ಹಡಗು ಮರೆಯಾಗುತ್ತದೆ. ಕನ್ನಡಿಗರಾದ ನಮಗೆ ಗಂಡಭೇರುಂಡ ಕಂಡ ಕೂಡಲೇ ಎದೆ ಉಬ್ಬುತ್ತದೆ. ಅದು ನಮ್ಮ ರಾಜ್ಯದ ಲಾಂಛನ. ಬಳ್ಳಿಗಾವಿಯಲ್ಲಿ 1047ರ ಕಂಬದ ಮೇಲೆ ನಿಂತ ಹಕ್ಕಿ. ಆದರೆ ಹಾಯಿಯನ್ನು ನೋಡಿ ಖುಷಿಪಟ್ಟವರು ಹೊಲಿಗೆಯನ್ನು ನೋಡಿದರೇ?

ಹೆಸರನ್ನೇ ತೆಗೆದುಕೊಳ್ಳೋಣ. ಕೌಂಡಿನ್ಯನೆಂಬವನು ಸಮುದ್ರ ದಾಟಿ ಹೋಗಿ, ಅಲ್ಲಿಯ ರಾಣಿಯನ್ನು ಮದುವೆಯಾಗಿ, ಫುನಾನ್ ರಾಜ್ಯಕ್ಕೆ ಮೂಲಪುರುಷನಾದ ಎಂಬುದು ಕಥೆ. ಕಾಂಬೋಡಿಯಾದವರ ನೆನಪಿನಲ್ಲಿ ಈ ಕಥೆಗೆ ಇನ್ನೊಂದು ಹೆಸರೂ ಇದೆ: ಸೋಮಾ, ನಾಗಕನ್ಯೆ, ಆ ನೆಲದ ಒಡತಿ. ಒಂದು ದಡದಿಂದ ಹೇಳಿದರೆ ಇದು ಹೋದವನ ಸಾಹಸ. ಇನ್ನೊಂದು ದಡದಿಂದ ಹೇಳಿದರೆ ಬಂದವನನ್ನು ಒಳಗೆ ಕರೆದುಕೊಂಡವಳ ಕಥೆ. ನಾವು ಹಡಗಿಗೆ ಹೋದವನ ಹೆಸರಿಟ್ಟೆವು. ಅದು ಸಹಜ. ಆದರೆ ಕಥೆಯ ಅರ್ಧ ಮಾತ್ರ ನಮ್ಮ ಬಳಿ ಇದೆ ಎಂಬುದನ್ನು ಓದುಗ ಮರೆಯಬಾರದು.

ಈ ಹಡಗಿನಲ್ಲಿ ನಿಜಕ್ಕೂ ದೊಡ್ಡದಾದದ್ದು ಬೇರೆಯೇ ಇದೆ. ಅಂಥ ಹಡಗಿನ ನಕ್ಷೆ ಎಲ್ಲೂ ಉಳಿದಿರಲಿಲ್ಲ. ಇದ್ದದ್ದು ಗೋಡೆಯ ಚಿತ್ರವೊಂದೇ. ಕೇರಳದ ಬಾಬು ಶಂಕರನ್ ಮತ್ತು ಅವರ ಜೊತೆಯ ಕುಶಲಕರ್ಮಿಗಳು ಗೋವಾದಲ್ಲಿ ತಿಂಗಳುಗಟ್ಟಲೆ ಕೂತು ಸಾವಿರಾರು ಹೊಲಿಗೆ ಹಾಕಿದರು. ಒಡಲಿನ ಲೆಕ್ಕಾಚಾರಕ್ಕೆ ಮದ್ರಾಸಿನ ಐಐಟಿ ನೆರವಾಯಿತು. ಚಿತ್ರ ಬಿಟ್ಟುಹೋದದ್ದನ್ನು ತುಂಬಿಕೊಟ್ಟದ್ದು ಕೈಯ ನೆನಪು. ಆ ನೆನಪು ಐದನೆಯ ಶತಮಾನದಿಂದ ನೇರವಾಗಿ ಹಾರಿ ಬಂದದ್ದಲ್ಲ. ನಮ್ಮ ಕರಾವಳಿಯ ರಂಪಣಿ ದೋಣಿಗಳ ಹಲಗೆಗಳನ್ನೂ ನಾರಿನ ಹಗ್ಗದಲ್ಲೇ ಹೊಲಿಯುತ್ತಿದ್ದರು. 1970ರ ದಶಕದ ಕೊನೆಗೆ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದ ಮೇಲೆ ರಂಪಣಿ ಸೊರಗಿತು. ಅದರ ಜೊತೆಗೇ ಹೊಲಿಯುವವರೂ. ಹೊಲಿದ ದೋಣಿ ನಮ್ಮ ಕಣ್ಣೆದುರಿಗೇ ಮರೆಯಾಗುತ್ತಿದ್ದಾಗ ಅದು ಯಾರಿಗೂ ರಾಷ್ಟ್ರೀಯ ಹೆಮ್ಮೆಯಾಗಿ ತೋರಲಿಲ್ಲ. ಬಡ ಮೀನುಗಾರರ ಹಳೆಯ ಸಾಮಾನಾಗಿ ಮಾತ್ರ ತೋರಿತು. ಅದನ್ನು ಪ್ರಾಚೀನವೆಂದು ಕರೆದ ಮೇಲಷ್ಟೇ ಗೌರವ ಬಂತು. ಈ ಹೆಮ್ಮೆಯ ಬಗ್ಗೆ ನನ್ನ ಮುಖ್ಯ ತಕರಾರು ಇದು.

ಮುಂಬಯಿಯ ಹಡಗುಕಟ್ಟೆಯ ಚರಿತ್ರೆ ಇದಕ್ಕಿಂತ ಕಹಿ. ವಾಡಿಯಾ ಮನೆತನದ ಜಮ್‌ಶೆಟ್‌ಜಿ ಬೊಮನ್‌ಜಿ ತೇಗದಲ್ಲಿ ಕಟ್ಟಿದ ಎಚ್‌ಎಂಎಸ್ ಟ್ರಿಂಕಾಮಲಿ 1817ರಲ್ಲಿ ನೀರಿಗಿಳಿಯಿತು. ಅದು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಭಾರತೀಯ ಬಡಗಿಯ ಕೈಗೆ ಇದಕ್ಕಿಂತ ಬೇರೆ ಪ್ರಮಾಣಪತ್ರ ಬೇಡ. ಅದೇ ಕಟ್ಟೆಯಲ್ಲಿ 1813ರಲ್ಲಿ ಇಳಿದ ಎಚ್‌ಎಂಎಸ್ ಕಾರ್ನ್‌ವಾಲಿಸ್ ಕೂಡ ತೇಗದ್ದೇ. ಅಫೀಮು ಯುದ್ಧದಲ್ಲಿ ಸೋತ ಚೀನಾ 1842ರಲ್ಲಿ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಹಾಕಿದ್ದು ಈ ಹಡಗಿನ ಮೇಲೆ. ಕಟ್ಟಿದ ಕೈ ನಮ್ಮದು, ಹೊತ್ತ ಫಿರಂಗಿ ಇನ್ನೊಬ್ಬರದು, ಗುರಿ ಮೂರನೆಯವರದು. 'ನಾವು ಕಟ್ಟಿದ ಹಡಗು' ಎಂದು ಹೇಳುವಾಗ ಈ ಮೂರನ್ನೂ ಒಟ್ಟಿಗೆ ಹೇಳುವ ಧೈರ್ಯ ಬೇಕು.

ಮರವನ್ನೂ ಕೇಳಬೇಕು. ನೌಕೆಗೆ ತೇಗ ಬೇಕೆಂದು ಕಂಪನಿ ಸರ್ಕಾರ 1806ರಲ್ಲಿ ಮಲಬಾರಿಗೆ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಕಾಡಿನ ಸಂರಕ್ಷಕನಾಗಿ ನೇಮಿಸಿತು. ಸಂರಕ್ಷಣೆ ಎಂಬ ಮಾತಿನ ಅರ್ಥ ಅಲ್ಲಿ ಬೇರೆಯೇ ಆಗಿತ್ತು: ಊರವರ, ವ್ಯಾಪಾರಿಗಳ ಮರ ಸರ್ಕಾರದ ಸ್ವತ್ತಾಯಿತು. ಜನರ ಅಸಮಾಧಾನ ಹೆಚ್ಚಿ, 1823ರಲ್ಲಿ ಆ ಹುದ್ದೆಯನ್ನೇ ತೆಗೆದವರು ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ. ಹಿಂದೆ ನಮ್ಮ ಕೆನರಾ ಜಿಲ್ಲೆಯ ಕಲೆಕ್ಟರ್ ಆಗಿದ್ದವರು.

ಮಲೆನಾಡಿನ ಓದುಗರಿಗೆ ಇದು ದೂರದ ಮಾತೆನಿಸಬಹುದು. ಶೃಂಗೇರಿಯಿಂದ ಕೆರೆಕಟ್ಟೆಯ ಮೇಲೆ ಕಾರ್ಕಳಕ್ಕೆ ಇಳಿಯುವ ದಾರಿಯಲ್ಲಿ ನೆಮ್ಮಾರ್ ಇದೆ. ಅಲ್ಲಿ ಹರಿಯುವ ತುಂಗೆ ಹತ್ತಿರದ ಅರಬ್ಬೀ ಸಮುದ್ರಕ್ಕೆ ಬೆನ್ನು ಹಾಕಿ ಬಂಗಾಳ ಕೊಲ್ಲಿಯ ಕಡೆಗೆ ಹೋಗುತ್ತದೆ. ಆದರೆ ಮಲೆನಾಡಿನ ಮೆಣಸು, ಏಲಕ್ಕಿ, ಅಡಿಕೆ ಹೊಳೆಯ ಮಾತು ಕೇಳದೆ ಘಟ್ಟ ಇಳಿದು ಪಡುವಣದ ಬಂದರುಗಳಿಗೇ ಹೋದವು. ಕೆಳದಿಯ ಶಿವಪ್ಪನಾಯಕ ಪೋರ್ಚುಗೀಸರಿಂದ ಹೊನ್ನಾವರ, ಬಸರೂರು, ಗಂಗೊಳ್ಳಿಗಳನ್ನು ಕಿತ್ತುಕೊಂಡದ್ದರ ಹಿಂದೆಯೂ ಈ ದಾರಿಗಳ ಲೆಕ್ಕವಿದೆ. ಘಟ್ಟದ ನಿತ್ಯಹಸಿರಿನ ಕಾಡಿನಲ್ಲಿ ಸುರಹೊನ್ನೆಯ ಜಾತಿಯ ಒಂದು ಮರವಿದೆ. ಕೊಂಬೆಯಿಲ್ಲದೆ ನೆಟ್ಟಗೆ ಮೇಲೇರುತ್ತದೆ. ಬೊಬ್ಬಿ ಎಂದೂ ಕುವೆ ಎಂದೂ ಕರೆಯುತ್ತಾರೆ. ಇಂಗ್ಲಿಷರ ದಾಖಲೆಗಳಲ್ಲಿ ಅದು 'ಪೂನ್ ಸ್ಪಾರ್', ಅಂದರೆ ಹಾಯಿಕಂಬದ ಮರ. ಕೆನರಾ, ಕೊಡಗಿನ ಕಾಡುಗಳಿಂದ ಅದು ಹಡಗುಗಳಿಗೆ ಹೋಯಿತು. ಹಾಯಿಕಂಬಕ್ಕೆ ಕನ್ನಡದ ಹಳೆಯ ಮಾತು ಕೂವೆಕಂಬ. ಸಮುದ್ರ ಕಾಣದ ಕಾಡಿನ ಮರದ ಹೆಸರಿನಲ್ಲೇ ಹಡಗು ಕೂತಿದೆ.

ಇಂದಿನ ವಿಲಾಸಿ ಹಡಗುಗಳ ಕಥೆಯೂ ಇದೇ ಜಾಡಿನದು. 2021ರಿಂದ ಮುಂಬಯಿಯಿಂದ ಓಡುತ್ತಿರುವ ಕಾರ್ಡೆಲಿಯಾ ಕಂಪನಿಯ 'ಎಂಪ್ರೆಸ್' ಭಾರತೀಯ ಪ್ರವಾಸೋದ್ಯಮದ ಹೊಸ ಗುರುತಾಯಿತು. ಹಡಗು ಹುಟ್ಟಿದ್ದು 1990ರಲ್ಲಿ, ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ. ಫ್ರಾನ್ಸ್ ತನ್ನ ಹೆಮ್ಮೆಯ 'ನಾರ್ಮಂಡಿ'ಯನ್ನು ಕಟ್ಟಿದ ಊರು ಅದೇ. ಷೇಕ್ಸ್‌ಪಿಯರನ ಕಾರ್ಡೆಲಿಯಾ ಅಪ್ಪನನ್ನು ಹೊಗಳಿ ಪಾಲು ಪಡೆಯಲು ಒಪ್ಪದ ಮಗಳು. ಹೊಗಳಿಕೆಯನ್ನೇ ಪ್ರೀತಿಯೆಂದುಕೊಂಡ ಅಪ್ಪನಿಗೆ ಕೊನೆಗೆ ಏನಾಯಿತೆಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೇಳಬೇಕಿಲ್ಲ. ದೇಶದ ವಿಷಯದಲ್ಲೂ ಆ ನಾಟಕ ನೆನಪಿರಲಿ.

ಬ್ರಿಟನ್ನಿನ 'ಕ್ವೀನ್ ಮೇರಿ'ಯನ್ನು ನೋಡಿ. ಕ್ಲೈಡ್‌ಬ್ಯಾಂಕ್‌ನಲ್ಲಿ ಅದರ ಕೆಲಸ 1931ರ ಡಿಸೆಂಬರಿನಲ್ಲಿ ನಿಂತಿತು. ಸಾವಿರಾರು ಕಾರ್ಮಿಕರು ಬೀದಿಗೆ ಬಿದ್ದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಅಸ್ಥಿಪಂಜರ ಹಾಗೇ ನಿಂತಿತ್ತು. ಸರ್ಕಾರ ಸಾಲ ಕೊಟ್ಟ ಮೇಲೆ 1934ರಲ್ಲಿ ಕೆಲಸ ಮುಂದುವರಿದು ಸೆಪ್ಟೆಂಬರ್ 26ರಂದು ರಾಣಿ ಬಂದು ಹೆಸರಿಟ್ಟರು. ಹಡಗು ಈಗ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಹೋಟೆಲಾಗಿದೆ. ಅದನ್ನು ಕಟ್ಟಿದ ಕಟ್ಟೆಯಲ್ಲಿ ಇಂದು ಹಡಗು ಕಟ್ಟುವವರಿಲ್ಲ.

ನಮ್ಮ ಸಾಹಿತ್ಯದಲ್ಲಿ ಸಮುದ್ರವೇನೋ ಇದೆ. ವಿ.ಕೃ. ಗೋಕಾಕರ 'ಸಮುದ್ರ ಗೀತಗಳು' ವಿದೇಶಕ್ಕೆ ಹೋಗುವ ಪ್ರಯಾಣಿಕನ ಕಣ್ಣಿನ ಸಮುದ್ರ. ಕಾರಂತರ 'ಮರಳಿ ಮಣ್ಣಿಗೆ' ಕಡಲಂಚಿನ ಮನೆಯೊಳಗಿನ ದುಡಿಮೆಯಿಂದ ಕಂಡ ಸಮುದ್ರ. ಟಿಪ್ಪುವಿನ ಕನಸುಗಳ ಮೇಲೆ ಕಾರ್ನಾಡರು ನಾಟಕ ಬರೆದರು. ಅದೇ ಟಿಪ್ಪು 1796ರಲ್ಲಿ ನಲವತ್ತು ಯುದ್ಧನೌಕೆಗಳನ್ನು ಕಟ್ಟಿಸಲು ಹೊರಡಿಸಿದ ಹುಕುಂನಾಮೆ ಮಾತ್ರ ಚರಿತ್ರೆಯ ಪುಸ್ತಕದಲ್ಲೇ ಉಳಿದಿದೆ. ಮರ ಆರಿಸಿ, ಕೊಯ್ದು, ಬಗ್ಗಿಸಿ, ಹೊಲಿದು ಹಡಗು ಮಾಡುವವನು ಕಥಾನಾಯಕನಾದ ಕನ್ನಡ ಕಾದಂಬರಿಯನ್ನು ನಾನಂತೂ ಓದಿಲ್ಲ. ಹಾಗಾಗಿಯೇ ಹೊಸ ಹಡಗೊಂದು ಬಂದಾಗ ನಮಗೆ ಲಾಂಛನದ ಭಾಷೆ ಮಾತ್ರ ಸುಲಭವಾಗಿ ಸಿಗುತ್ತದೆ.

ಆ ಭಾಷೆಯನ್ನು ಹಿಗ್ಗಿಸುವ ಕೆಲಸ ಸಾಹಿತ್ಯದ್ದು. ಕರಾವಳಿಯಲ್ಲಿ ರಂಪಣಿ ದೋಣಿ ಹೊಲಿದ ಕೊನೆಯ ತಲೆಮಾರಿನವರು ಯಾರಾದರೂ ಇನ್ನೂ ಇದ್ದರೆ, ಅವರ ಮಾತನ್ನು, ಅವರು ಉಪಕರಣಗಳಿಗೆ ಇಟ್ಟ ಹೆಸರುಗಳನ್ನು ಬರೆದುಕೊಳ್ಳುವುದರಿಂದ ಅದನ್ನು ಶುರುಮಾಡಬಹುದು. ಕೌಂಡಿನ್ಯದ ಹಾಯಿ ಹರಿದರೆ ಇನ್ನೊಂದು ಹಾಯಿಯ ಮೇಲೆ ಗಂಡಭೇರುಂಡ ಬರೆಯಬಹುದು. ಹೊಲಿಗೆ ಬಿಚ್ಚಿದರೆ ಹಾಕಿಕೊಡಲು ಅದು ಗೊತ್ತಿರುವವರು ಬೇಕು.