ನಾಗಚಂದ್ರನ ರಾವಣನೂ ಜೀವಿಗಳ ಶೀಲವಿಭಾಗವೂ

ಕಥಾಲೋಕದ ಜೀವಿಗಳನ್ನು ಕುಲಕುಲವಾಗಿ ಶಿಷ್ಟವೆಂದೂ ದುಷ್ಟವೆಂದೂ ವಿಂಗಡಿಸುವ ಪದ್ಧತಿ ಬಹು ಪ್ರಾಚೀನವಾದುದು. ದೇವನೆಂದರೆ ಸಾಧು, ರಾಕ್ಷಸನೆಂದರೆ ಕ್ರೂರಿ ಎಂಬ ಎಣಿಕೆಯು ಪುರಾಣಶ್ರವಣದಿಂದ ಜನರ ಮನಸ್ಸಿನಲ್ಲಿ ಬೇರೂರಿದೆ. ಈಚಿನ ಕಾಲದಲ್ಲಿ ಈ ಎಣಿಕೆಗೆ ಶಾಸ್ತ್ರದ ಕಟ್ಟುನಿಟ್ಟನ್ನು ಕೊಟ್ಟುದು, ಆಶ್ಚರ್ಯವೆನಿಸಿದರೂ, ಒಂದು ಆಟ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕ್ರೀಡೆಯನ್ನು ಪ್ರಕಟಿಸಿದರು. ಆಡುವವರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ದಾಳಗಳ ನೆರವಿನಿಂದ ಸಾಹಸಕಥೆಯೊಂದನ್ನು ಬೆಳೆಸುವುದು ಇದರ ಕ್ರಮ. ಮೊದಲು ಇದರಲ್ಲಿ ನಿಯಮಪಕ್ಷ, ಮಧ್ಯಸ್ಥಪಕ್ಷ, ಸ್ವೈರಪಕ್ಷ ಎಂಬ ಮೂರೇ ಶೀಲವರ್ಗಗಳಿದ್ದುವು. ಕೆಲವು ವರ್ಷಗಳಲ್ಲಿ ಸಾಧು, ಮಧ್ಯಸ್ಥ, ದುಷ್ಟ ಎಂಬ ಇನ್ನೊಂದು ತ್ರಯವು ಸೇರಿ, ಎರಡರ ಗುಣಾಕಾರದಿಂದ ಒಂಬತ್ತು ವರ್ಗಗಳಾದುವು. 1977ರಲ್ಲಿ ಹೊರಬಂದ ಜೀವಿಗಳ ಕೋಶದಲ್ಲಿ ಪ್ರತಿಯೊಂದು ಜೀವಿಯ ಹೆಸರಿನೊಡನೆ ಅದರ ವರ್ಗವೂ ನಮೂದಾಯಿತು. ಮನುಷ್ಯಪಾತ್ರಕ್ಕೆ ವರ್ಗವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವುಂಟು. ಓರ್ಕ್ ಮೊದಲಾದ ಕಲ್ಪಿತ ಕುಲಗಳಿಗಾದರೋ ಗ್ರಂಥವೇ ಅದನ್ನು ಗೊತ್ತುಮಾಡಿತು.

ಇಂಥ ವಿಭಾಗದಿಂದ ಆಟಕ್ಕೆ ಸೌಕರ್ಯವುಂಟೆಂಬುದು ನಿಜ. ಎದುರಾಳಿಯು ಹುಟ್ಟಿನಿಂದಲೇ ದುಷ್ಟನಾದರೆ ಅವನನ್ನು ಕೊಲ್ಲುವವನಿಗೆ ವಿಚಾರದ ತೊಡಕಿಲ್ಲ. ಆದರೆ ಆ ತೊಡಕೇ ಕಾವ್ಯದ ಜೀವಾಳ. ಅದನ್ನು ನೀಗಿದ ಮೇಲೆ ಉಳಿಯುವುದು ಬೇಟೆಯೇ ಹೊರತು ಕಥೆಯಲ್ಲ. ಕುಲದ ಹೆಸರಿನಿಂದ ಶೀಲವನ್ನು ನಿರ್ಣಯಿಸಬಹುದೆ ಎಂಬ ಈ ಪ್ರಶ್ನೆಯನ್ನು ಕನ್ನಡದಲ್ಲಿ ಎಂಟು ಒಂಬತ್ತು ನೂರು ವರ್ಷಗಳ ಹಿಂದೆಯೇ ಕೈಗೆತ್ತಿಕೊಂಡ ಕೃತಿಯೊಂದುಂಟು. ಅದು ಅಭಿನವಪಂಪನೆನಿಸಿದ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’.

ನಾಗಚಂದ್ರನು 1100ರ ಸುಮಾರಿನಲ್ಲಿದ್ದ ಜೈನಕವಿ. ಇವನು ವಿಜಯಪುರದಲ್ಲಿ ಮಲ್ಲಿಜಿನೇಶ್ವರನ ಬಸದಿಯನ್ನು ಕಟ್ಟಿಸಿ ‘ಮಲ್ಲಿನಾಥಪುರಾಣ’ವನ್ನು ರಚಿಸಿದನೆಂಬುದು ಪ್ರಸಿದ್ಧವಾಗಿದೆ. ಆ ವಿಜಯಪುರವು ಇಂದಿನ ವಿಜಯಪುರ ನಗರವೇ ಎಂಬುದು ವಿದ್ವಾಂಸರ ಸಾಮಾನ್ಯವಾದ ಅಭಿಪ್ರಾಯ. ರಾಮಕಥೆಯಲ್ಲಿ ಅವನು ಹಿಡಿದ ದಾರಿ ಪ್ರಾಕೃತದ ‘ಪಉಮಚರಿಯ’ವನ್ನು ಬರೆದ ವಿಮಲಸೂರಿಯದು. ಈ ಪರಂಪರೆಯಲ್ಲಿ ರಾಕ್ಷಸರೆಂದರೆ ಕೋರೆಹಲ್ಲಿನ ನರಭಕ್ಷಕರಲ್ಲ, ವಾನರರೆಂದರೆ ಬಾಲವುಳ್ಳ ಕೋತಿಗಳಲ್ಲ. ಇವರಿಬ್ಬರೂ ವಿದ್ಯಾಧರರು, ಎಂದರೆ ವಿದ್ಯಾಬಲವುಳ್ಳ ಮನುಷ್ಯರು. ರಾಕ್ಷಸವೆಂಬುದು ಒಂದು ರಾಜವಂಶದ ಹೆಸರು. ವಾನರರಿಗೆ ಆ ಹೆಸರು ಬಂದುದು ಅವರ ಕಪಿಲಾಂಛನದಿಂದ. ಹನುಮಂತನು ಮೊದಲು ರಾವಣನ ಪಕ್ಷದಲ್ಲಿ ನಿಂತು ವರುಣನೊಡನೆ ಕಾದಿದವನು. ವಿಭೀಷಣನು ರಾಕ್ಷಸವಂಶದವನಾಗಿಯೂ ರಾಮನನ್ನು ಸೇರಿದವನು. ಹೀಗೆ ಹೆಸರಿನಲ್ಲಿದ್ದ ದೋಷವು ಕಳೆದುಹೋಗಿ, ನಡತೆಯೊಂದೇ ವಿಚಾರಕ್ಕೆ ಉಳಿಯುವುದು.

ಜೈನಮತದಲ್ಲಿ ಶೀಲದ ವರ್ಗೀಕರಣವೇ ಇಲ್ಲವೆಂದು ಇದರಿಂದ ಭಾವಿಸಕೂಡದು. ಕೃಷ್ಣ, ನೀಲ, ಕಾಪೋತ, ತೇಜ, ಪದ್ಮ, ಶುಕ್ಲ ಎಂಬ ಆರು ಲೇಶ್ಯೆಗಳನ್ನು ಶಾಸ್ತ್ರವು ಹೇಳುತ್ತದೆ. ಹಣ್ಣಿನ ಮರವನ್ನು ಕಂಡ ಹಸಿದ ಆರು ಮಂದಿಯ ದೃಷ್ಟಾಂತವು ಇದನ್ನು ವಿಶದಪಡಿಸುವುದು. ಒಬ್ಬನು ಮರವನ್ನು ಬುಡಸಹಿತ ಕಡಿಯಬಯಸುವನು. ಬೇರೊಬ್ಬನು ಹೆಗ್ಗೊಂಬೆಯನ್ನು, ಇನ್ನೊಬ್ಬನು ಕಿರುಗೊಂಬೆಯನ್ನು, ಮತ್ತೊಬ್ಬನು ಗೊಂಚಲನ್ನು, ಐದನೆಯವನು ಹಣ್ಣನ್ನು ಮಾತ್ರ ಬಯಸುವನು. ಆರನೆಯವನಿಗೆ ನೆಲಕ್ಕೆ ಬಿದ್ದ ಹಣ್ಣೇ ಸಾಕು. ಹಸಿವು ಆರು ಮಂದಿಗೂ ಒಂದೇ, ಭಾವ ಬೇರೆಬೇರೆ. ಆಟದ ಒಂಬತ್ತು ವರ್ಗಗಳಿಗೂ ಈ ಆರು ಲೇಶ್ಯೆಗಳಿಗೂ ಇರುವ ಮುಖ್ಯವಾದ ಭೇದವು ಸಂಖ್ಯೆಯದಲ್ಲ. ಅಲ್ಲಿ ವರ್ಗವು ಜೀವಿಗೆ ಅಂಟಿಸಿದ ಹೆಸರುಚೀಟಿ. ಇಲ್ಲಿ ಮನುಷ್ಯನ ಕಷಾಯಗಳು ಏರಿಳಿದಂತೆ ಲೇಶ್ಯೆಯೂ ಬದಲಾಗುವುದು.

ನಾಗಚಂದ್ರನ ರಾವಣನೇ ಇದಕ್ಕೆ ಉತ್ತಮವಾದ ನಿದರ್ಶನ. ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬುದು ಅವನ ವ್ರತ. ನಳಕೂಬರನ ಹೆಂಡತಿ ತಾನಾಗಿ ಒಲಿದಾಗಲೂ ಅವಳನ್ನು ಗಂಡನಲ್ಲಿಗೆ ಕಳುಹಿಸಿದವನವನು. ಅಂಥವನು ಸೀತೆಯನ್ನು ಕಂಡು ಜಾರಿದನು. ಕೊನೆಗೆ ಅವಳು ಮೂರ್ಛೆ ಹೋದುದನ್ನು ನೋಡಿ ಅವನ ಮನಸ್ಸು ತಿರುಗಿತು. ತನ್ನ ತಪ್ಪು ಅವನಿಗೆ ಅರಿವಾಯಿತು. ಆದರೆ ಒಡನೆಯೇ ಅವಳನ್ನು ಒಪ್ಪಿಸಿದರೆ ಅಂಜಿದನೆಂದು ಲೋಕವು ಆಡಿಕೊಳ್ಳುವುದಲ್ಲವೆ? ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದ ಬಳಿಕ ಒಪ್ಪಿಸುವೆನೆಂದು ಅವನು ನಿಶ್ಚಯಿಸಿದನು. ಪಶ್ಚಾತ್ತಾಪವೂ ಅಭಿಮಾನವೂ ಒಂದೇ ಗಳಿಗೆಯಲ್ಲಿ ಒಂದೇ ಹೃದಯದಲ್ಲಿ ಕೂಡಿದುವು. ಈ ಗಳಿಗೆಯ ರಾವಣನನ್ನು ಒಂಬತ್ತು ವರ್ಗಗಳಲ್ಲಿ ಯಾವುದಕ್ಕೆ ಸೇರಿಸಬೇಕು? ಬಿ. ಎಂ. ಶ್ರೀಕಂಠಯ್ಯನವರು ಅವನಲ್ಲಿ ದುರಂತನಾಯಕನನ್ನು ಕಂಡುದು ಯುಕ್ತವೇ ಆಗಿದೆ. ಹುಟ್ಟುದುಷ್ಟನಿಗೆ ಪತನವಿಲ್ಲ, ಬೀಳಲು ಎತ್ತರದಲ್ಲಿರಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಜೈನಪುರಾಣದ ಅರುವತ್ತುಮೂರು ಶಲಾಕಾಪುರುಷರಲ್ಲಿ ರಾವಣನು ಪ್ರತಿವಾಸುದೇವನು, ಲಕ್ಷ್ಮಣನು ವಾಸುದೇವನು. ಪ್ರತಿವಾಸುದೇವನು ವಾಸುದೇವನ ಕೈಯಲ್ಲಿ ಮಡಿಯುವುದು ನಿಯತವಾದುದು. ಹಾಗಾದರೆ ಇದೂ ಮೊದಲೇ ಗೊತ್ತುಮಾಡಿದ ವರ್ಗವಲ್ಲವೆ? ಅಹುದು, ಆದರೆ ನಿಯತವಾದುದು ಪಾತ್ರದ ಸ್ಥಾನ, ಶೀಲವಲ್ಲ. ಕೊಂದ ವಾಸುದೇವನೂ ಹಿಂಸೆಯ ಫಲವಾಗಿ ನರಕಕ್ಕೆ ಇಳಿಯುವನು. ಸತ್ತ ರಾವಣನೋ ಮುಂದೊಂದು ಭವದಲ್ಲಿ ತೀರ್ಥಂಕರನಾಗುವನೆಂದು ಪರಂಪರೆ ಹೇಳುವುದು. ಗೆದ್ದವನ ಪಕ್ಷವೇ ಧರ್ಮವೆಂಬ ಭರವಸೆ ಇಲ್ಲಿ ಯಾರಿಗೂ ದೊರೆಯದು. ಆದರೂ ಕರ್ಮವಿಪಾಕದ ಚೌಕಟ್ಟು ಅಲ್ಲಲ್ಲಿ ಕವಿಯ ಕೈಯನ್ನು ಕಟ್ಟಿದೆ. ರಾವಣನ ಸ್ಖಲನಕ್ಕೆ ವಿಧಿಯನ್ನು ಹೊಣೆಮಾಡಿದಷ್ಟಕ್ಕೂ ಅವನ ಸ್ವಂತ ಹೊಣೆ ಹಗುರಾಗುವುದು. ಕುಲದ ನಿಯತಿಯನ್ನು ತಳ್ಳಿದ ಕಾವ್ಯವು ಕರ್ಮದ ನಿಯತಿಯಿಂದ ಪೂರ್ತಿಯಾಗಿ ಬಿಡಿಸಿಕೊಂಡಿಲ್ಲವೆಂಬುದನ್ನು ವಿಮರ್ಶಕನು ಮರೆಯಲಾಗದು.

2020ರಲ್ಲಿ ಮೇಲೆ ಹೇಳಿದ ಆಟದ ಪ್ರಕಾಶಕರೇ ಓರ್ಕ್, ಡ್ರೋ ಮುಂತಾದ ಕುಲಗಳನ್ನು ಹುಟ್ಟಾ ಕೇಡಿಗರೆಂಬಂತೆ ಚಿತ್ರಿಸಿದ ರೀತಿಯನ್ನು ತಿದ್ದುವುದಾಗಿ ಸಾರಿದರು. ತಿದ್ದುವವರಿಗೆ ವರ್ಗಗಳನ್ನು ಕೈಬಿಡುವುದೊಂದೇ ದಾರಿಯಲ್ಲವೆಂದು ನಾಗಚಂದ್ರನ ಕೃತಿಯು ತೋರಿಸುವುದು. ವರ್ಗಗಳಿರಲಿ, ಅವು ಕೃತಿಗೆ, ಭಾವಕ್ಕೆ, ಗಳಿಗೆಗೆ ಸಲ್ಲಲಿ, ಕುಲಕ್ಕಲ್ಲ. ತರಗತಿಯಲ್ಲಿ ಪಂಪರಾಮಾಯಣವನ್ನು ಪಾಠ ಹೇಳುವಾಗಲೂ ರಾವಣನು ಒಳ್ಳೆಯವನೋ ಕೆಟ್ಟವನೋ ಎಂದು ಕೇಳುವುದಕ್ಕಿಂತ, ಸೀತೆ ಮೂರ್ಛೆಹೋದಾಗ ಅವನಿಗೆ ತೆರೆದಿದ್ದ ದಾರಿಗಳಾವುವು, ಅವನು ಹಿಡಿದುದು ಯಾವುದು, ಏಕೆ ಎಂದು ಕೇಳುವುದು ಕಾವ್ಯಕ್ಕೆ ಹೆಚ್ಚು ಹತ್ತಿರವಾದ ಪ್ರಶ್ನೆ.