ವಾತಾಪಿಯ ಹಂಸಧ್ವನಿ

ಮುತ್ತುಸ್ವಾಮಿ ದೀಕ್ಷಿತರ ‘ವಾತಾಪಿ ಗಣಪತಿಂ’ ಕೃತಿಯು ನಮ್ಮ ಬಾದಾಮಿಯ ಪ್ರಾಚೀನ ನಾಮವನ್ನು ಹೊತ್ತು ದಕ್ಷಿಣದೇಶದ ಕಛೇರಿಗಳನ್ನೆಲ್ಲ ಬೆಳಗುತ್ತಿದ್ದರೂ, ಹಿಂದುಸ್ತಾನಿ ಗಾಯನಕ್ಕೆ ಕಿವಿ ಪಳಗಿದ ಈ ಸೀಮೆಯಲ್ಲಿ ಅದು ಅಪರೂಪದ ಅತಿಥಿಯಾಗಿರುವುದು ವಿಚಿತ್ರವೇ ಸರಿ. ಕ್ರಿ.ಶ. 642ರ ಸುಮಾರಿನಲ್ಲಿ ಚಾಲುಕ್ಯರ ರಾಜಧಾನಿಯನ್ನು ಗೆದ್ದ ಪಲ್ಲವರು ಕೊಂಡೊಯ್ದರೆಂದು ಐತಿಹ್ಯವು ಹೇಳುವ ಗಣಪತಿಯು ಇಂದು ತಮಿಳುನಾಡಿನ ತಿರುಚ್ಚೆಂಗಾಟ್ಟಂಗುಡಿಯಲ್ಲಿದ್ದಾನೆ. (ಸೋಲೊಂದು ಇಷ್ಟು ಇಂಪಾಗಿ ಉಳಿದುಬಂದುದನ್ನು ನಾನು ಬೇರೆಲ್ಲಿಯೂ ಕಾಣೆ!) ಇಲ್ಲಿಯೂ ಗಣಪನಿಲ್ಲದಿಲ್ಲ, ಮೊದಲನೆಯ ಗುಹೆಯ 18 ಕೈಗಳ ನಟರಾಜನ ಪಕ್ಕದಲ್ಲಿ, ಮದ್ದಳೆಗಾರನ ಜೊತೆಯಲ್ಲಿ, ಅವನು ನಿಂತೇ ಇದ್ದಾನೆ.

ಆ ಕೃತಿಯ ರಾಗವಾದ, ಮಧ್ಯಮ ಧೈವತಗಳೆರಡನ್ನೂ ತೊರೆದ ಹಂಸಧ್ವನಿಯ ಸೊಗಸು ಗಾಂಧಾರ ಪಂಚಮಗಳ ನಡುವಣ ತೆರಪಿನಲ್ಲಿದೆ; ಕಛೇರಿಯ ಕಾವೇರಿಸುವ ಆತುರದಲ್ಲಿ ಸಂಗತಿಗಳ ಮಳೆಗರೆಯುವವರು ಅದನ್ನೇ ಮುಚ್ಚಿಬಿಡುವರು. ಈ ರಾಗವನ್ನು ಉತ್ತರಾದಿಗೆ ಒಗ್ಗಿಸಿದ ಭೆಂಡಿಬಜಾರ್ ಘರಾಣೆಯ ಅಮಾನ್ ಅಲಿ ಖಾನರ ದಾರಿಯಲ್ಲಿಯಾದರೂ ಅದು ಬಾಗಲಕೋಟೆ, ಇಳಕಲ್ಲುಗಳ ಬೈಠಕ್ಕುಗಳಲ್ಲಿ ಪದೇಪದೇ ಕೇಳಿಬರಬೇಕೆಂಬುದು ನನ್ನ ಹಂಬಲ.