ಅಪಸ್ವರ ಎತ್ತಿಸಿದ ಸ್ವರ

ಒಂದೇ ಒಂದು ಸ್ವರದ ಸಲುವಾಗಿ ಐವತ್ತಕ್ಕೂ ಹೆಚ್ಚು ಸಂಗೀತಗಾರರು ಲೇಖನಿ ಹಿಡಿದು ಜಗಳಕ್ಕೆ ನಿಂತರೆಂದರೆ, ಆ ಸ್ವರ ಎಂಥದ್ದಿರಬೇಕು? ಬಾರ್ಸಿಲೋನಾ ಕಥೀಡ್ರಲ್‌ನಲ್ಲಿ ಗಾಯಕವೃಂದ ನಡೆಸುತ್ತಿದ್ದ ಫ್ರಾನ್ಸೆಸ್ಕ್ ವಾಲ್ಸ್ 1702ರಲ್ಲಿ ರಚಿಸಿದ ಪೂಜಾಸಂಗೀತ ‘ಮಿಸ್ಸಾ ಸ್ಕಾಲಾ ಅರೆಟೀನಾ’ ಇಂದಿಗೂ ನೆನಪಿನಲ್ಲಿ ಉಳಿದಿರುವುದು ಬಹುಮಟ್ಟಿಗೆ ಆ ಜಗಳದಿಂದಲೇ. ಕೃತಿಗೆ ಇದರಿಂದ ಉಪಕಾರವೂ ಆಗಿದೆ, ಅನ್ಯಾಯವೂ ಆಗಿದೆ.

‘ಗ್ಲೋರಿಯಾ’ ಭಾಗದಲ್ಲಿ ದೇವರ ಕರುಣೆ ಬೇಡುವ ಮಾತು ಬರುತ್ತದೆ. ಉಳಿದವರು ಹಾಡುತ್ತಿರುವಾಗ, ಅದುವರೆಗೆ ಸುಮ್ಮನಿದ್ದ ಎರಡನೆಯ ಮೇಲುದನಿ ತಳದ ಸ್ವರದಿಂದ ಒಂಬತ್ತನೆಯದಾದ ಕರ್ಕಶ ಸ್ವರದ ಮೇಲೆ ನೇರವಾಗಿ ಬಂದು ಇಳಿಯುತ್ತದೆ. ಕರ್ಕಶ ಸ್ವರ ಬರಲೇಬಾರದೆಂದು ಅಂದಿನ ಶಾಸ್ತ್ರವೇನೂ ಹೇಳಿರಲಿಲ್ಲ; ಮೊದಲು ಅದನ್ನು ಹೊಂದಿಕೆಯ ಸ್ವರವಾಗಿ ಕೇಳಿಸಿ, ಕಿವಿಯನ್ನು ಅಣಿಗೊಳಿಸಿ ತರಬೇಕೆಂದಿತ್ತು, ಅಷ್ಟೆ. ವಾಲ್ಸ್ ಬಾಗಿಲು ತಟ್ಟದೆ ಒಳಗೆ ಬಂದ. 1715ರಲ್ಲಿ ಪಲೆನ್ಸಿಯಾದ ಆರ್ಗನ್ ವಾದಕ ಹೊಅಕಿನ್ ಮಾರ್ಟಿನೆಸ್ ಡೆ ಲಾ ರೋಕಾ ಅಪಸ್ವರ ಎತ್ತಿದ. ಮರುವರ್ಷ ವಾಲ್ಸ್ ಉತ್ತರ ಕೊಟ್ಟ. 1717ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ಸ್ಕಾರ್ಲಾಟಿಯೂ ತನ್ನ ಅಭಿಪ್ರಾಯ ಬರೆದ.

ನನ್ನ ಮತ ವಾಲ್ಸ್‌ಗೆ. ಆಕ್ಷೇಪಿಸಿದವರು ಹಾಳೆಯ ಮೇಲಿನ ಸ್ವರ ನೋಡಿದರು, ಅದು ಹೊತ್ತ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಕರುಣೆ ಬೇಡುವವನು ಪೀಠಿಕೆ ಹಾಕುತ್ತಾನೆಯೇ?

ಆದರೆ ಕೃತಿಯ ನಿಜವಾದ ಸಾಹಸ ಬೇರೆಯೇ ಇದೆ. 11ನೇ ಶತಮಾನದ ಅರೆಝೋದ ಗ್ವಿಡೋನಿಂದ ಬಂದ ಉತ್, ರೆ, ಮಿ, ಫಾ, ಸೋಲ್, ಲಾ ಎಂಬ ಆರು ಸ್ವರಗಳು ಚರ್ಚಿನಲ್ಲಿ ಹಾಡುವ ಹುಡುಗರ ಮೊದಲ ಪಾಠ. ಆ ಪಾಠವನ್ನೇ ಅಡಿಪಾಯ ಮಾಡಿಕೊಂಡು, ಹನ್ನೊಂದು ದನಿಗಳ ಮೂರು ವೃಂದಗಳನ್ನು ವಯೊಲಿನ್, ಓಬೊ, ತುತ್ತೂರಿಗಳೊಡನೆ ಅದರ ಮೇಲೆ ನಿಲ್ಲಿಸಿದ್ದಾನೆ ವಾಲ್ಸ್. ಒಂದು ದನಿ ನಿಧಾನವಾಗಿ ಮೆಟ್ಟಿಲು ಹತ್ತುತ್ತಿದ್ದರೆ ಸುತ್ತಲಿನವು ಓಡಾಡುತ್ತವೆ. ದೋಷವಿಲ್ಲವೆಂದಲ್ಲ: ಕೆಲವೆಡೆ ಮುಂದಿನ ಮೆಟ್ಟಿಲು ಯಾವುದೆಂದು ಕಿವಿಗೆ ಮೊದಲೇ ತಿಳಿದುಬಿಡುತ್ತದೆ, ಕುತೂಹಲ ಸೊರಗುತ್ತದೆ. ವೃಂದದಿಂದ ವೃಂದಕ್ಕೆ ಹಾರುವ ದನಿಗಳಿಗೆ ಕಥೀಡ್ರಲ್‌ನ ಕಲ್ಲಿನ ಕಮಾನುಗಳೇ ಬೇಕು. ಇಯರ್‌ಫೋನಿನಲ್ಲಿ ಅವು ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತವೆ.

ನಿಯಮ ಮುರಿದವನೆನಿಸಿಕೊಂಡ ಈತನೇ 1742ರಲ್ಲಿ ‘ಮಾಪಾ ಅರ್ಮೋನಿಕೊ ಪ್ರಾಕ್ಟಿಕೊ’ ಎಂಬ ಶಾಸ್ತ್ರಗ್ರಂಥ ಮುಗಿಸಿದ. ನಿಯಮ ಅರಿಯದವನ ತಪ್ಪಲ್ಲ ಅದು. ಇಡೀ ಕೃತಿಯನ್ನು ಮೊದಲಿನಿಂದ ಕೇಳಿ ನೋಡಿ: ಎಲ್ಲವೂ ಒಂದೊಂದೇ ಮೆಟ್ಟಿಲು ಹತ್ತಿ ಬರುವ ಕಟ್ಟಡದಲ್ಲಿ ಒಂದು ದನಿ ಮಾತ್ರ ಮೆಟ್ಟಿಲೇ ಇಲ್ಲದೆ ಬಂದು ನಿಲ್ಲುತ್ತದೆ. ಆ ಮೆಟ್ಟಿಲುಗಳನ್ನು ಕೇಳಿಸಿಕೊಂಡವರಿಗಷ್ಟೇ ಆ ಸ್ವರ ತಟ್ಟುತ್ತದೆ.